ರತ್ನಗಿರಿಯ ಏರು, 170 ಟನ್ ಭಾರ

ಧರ್ಮಸ್ಥಳ ಇರುವುದು ಬೆಳ್ತಂಗಡಿ ತಾಲೂಕಿನಲ್ಲಿ. ಅಲ್ಲಿನ ರತ್ನಗಿರಿಯ ಮೇಲಿರುವ 39 ಅಡಿ ಎತ್ತರದ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದ್ದು ಕಾರ್ಕಳದಲ್ಲಿ. ಸುಮಾರು 170 ಟನ್ನಿನ ಆ ಏಕಶಿಲೆ ಬಹುಚಕ್ರದ ಟ್ರಾಲಿಯಲ್ಲಿ ಬಂದು ಗುಡ್ಡ ಹತ್ತಿತು, 1982ರಲ್ಲಿ ಪ್ರತಿಷ್ಠೆಯಾಯಿತು.

ಅಷ್ಟು ಭಾರ ಒಂದು ಮೀಟರ್ ಮೇಲೇರಲು ಗುರುತ್ವದ ವಿರುದ್ಧ ಸುಮಾರು 16.7 ಲಕ್ಷ ಜೂಲ್ ಕೆಲಸ ಬೇಕು. ನೇರ ಎತ್ತಿದರೂ ಏರಿನಲ್ಲಿ ಎಳೆದರೂ ಈ ಲೆಕ್ಕ ಬದಲಾಗದು. ಹತ್ತು ಮೀಟರ್ ದಾರಿಗೆ ಒಂದು ಮೀಟರ್ ಏರುವ ಓರೆಯಲ್ಲಿ, ಘರ್ಷಣೆ ಬಿಟ್ಟರೆ, ಹತ್ತನೇ ಒಂದು ಪಾಲು ಬಲ ಸಾಕು. ದೂರ ಮಾತ್ರ ಹತ್ತುಪಟ್ಟು. ನೆಲದ ಲಂಬ ಒತ್ತು ಚಲನೆಗೆ ಅಡ್ಡಲಾಗಿರುವುದರಿಂದ ಅದರ ಕೆಲಸ ಸೊನ್ನೆ. ಘರ್ಷಣೆ ಕೆಲಸವನ್ನು ಹೆಚ್ಚಿಸುತ್ತದೆ, ಚಕ್ರ ಅದನ್ನು ತಗ್ಗಿಸುತ್ತದೆ.

ರತ್ನಗಿರಿಗೆ ಹೋದಾಗ ಮೂರ್ತಿಯ ಜೊತೆಗೆ ಏರುದಾರಿಯ ಓರೆಯನ್ನೂ ಗಮನಿಸಿ.