ಚಕ್ಕಡಿ ಬಿಡುವ ಜಾಗ

ಪೇಟೆಯಲ್ಲಿ ಹೊಸ ಕಟ್ಟಡ ಏಳಿಸಬೇಕೆಂದರೆ ಮೊದಲು ನಕ್ಷೆ ಮಂಜೂರಾಗಬೇಕು. ಆ ನಕ್ಷೆಯಲ್ಲಿ ಗೋಡೆ, ಕಿಟಕಿ, ಮೆಟ್ಟಿಲುಗಳ ಜೊತೆಗೆ ಇನ್ನೊಂದನ್ನು ತೋರಿಸಬೇಕಾಗುತ್ತದೆ: ಬರುವ ವಾಹನಗಳು ರಸ್ತೆ ಬಿಟ್ಟು ಒಳಗೆ ನಿಲ್ಲುವ ಜಾಗ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಇದು ಹಳೆಯ ಮಾತು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯಂಥ ಊರುಗಳಲ್ಲಿಯೂ ಈಗ ಹಳೆಯ ಅಂಗಡಿಗಳನ್ನು ಕೆಡವಿ ಎರಡು-ಮೂರು ಅಂತಸ್ತಿನ ಕಾಂಪ್ಲೆಕ್ಸ್ ಕಟ್ಟುತ್ತಿರುವುದರಿಂದ ಈ ಪ್ರಶ್ನೆ ಅಲ್ಲಿಗೂ ಬಂದಿದೆ. ಪ್ರಶ್ನೆ ಹೊಸದೆಂದು ಕಾಣುತ್ತದೆಯಾದರೂ ಹೊಸದಲ್ಲ. ಊರಿಗೆ ಬಂದ ಬಂಡಿಗೆ ಜಾಗ ಕೊಡಬೇಕಾದವರು ಯಾರು ಎಂಬುದಕ್ಕೆ ಧಾರವಾಡ ಸೀಮೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ 1905ರಲ್ಲಿ ಸಿಕ್ಕಿದ, 1909ರಲ್ಲಿ ಅವರು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದರ ಒಂದು ಎಳೆ ಇದೆ. ಮನೆ ಕಟ್ಟುವವರ ನಡುವಿನ ವ್ಯಾಜ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಒಲೆ, ನೀರಿನ ಹರವಿ, ಬೀಸುವ ಕಲ್ಲುಗಳ ಸಾಲಿನಲ್ಲಿ ಗಾಡಿ ಮತ್ತು ದನಗಳ ಜಾಗವನ್ನೂ ಆತ ಸೇರಿಸುತ್ತಾನೆ. ಇವಕ್ಕೆಲ್ಲ ಇಷ್ಟು ಅಂತರ ಬಿಡಬೇಕು, ಮೀರಿದರೆ ದಂಡ. ರೋಮಿನಲ್ಲಿ ಜೂಲಿಯಸ್ ಸೀಸರನ ಹೆಸರಿನ ಕಾನೂನು ಹಗಲು ಹೊತ್ತಿನಲ್ಲಿ ಹೆಚ್ಚಿನ ಬಂಡಿಗಳಿಗೆ ಊರ ಬಾಗಿಲನ್ನೇ ಮುಚ್ಚಿತ್ತು. ಒಬ್ಬನು ಗಾಡಿಯನ್ನು ನೆರೆಮನೆಯವನ ಜಗಳವಾಗಿ ನೋಡಿದ, ಇನ್ನೊಬ್ಬನು ಬೀದಿಯ ನೂಕುನುಗ್ಗಲಾಗಿ ನೋಡಿದ. ಇಂದಿನ ನಿಯಮಗಳಲ್ಲಿ ಈ ಎರಡು ನೋಟಗಳೂ ಬೆರೆತಿವೆ.

ನಮ್ಮ ಸೀಮೆಗೆ ಬಂದರೆ, ಅಣ್ಣಿಗೇರಿ ಬೆಳ್ವೊಲ ಮುನ್ನೂರರ ಮುಖ್ಯ ಊರು. ಕಲ್ಯಾಣ ಚಾಲುಕ್ಯರ ಕಾಲದ ಅಮೃತೇಶ್ವರ ಗುಡಿ ಅಲ್ಲಿ ಇಂದಿಗೂ ನಿಂತಿದೆ. ಆ ಕಾಲದ ಶಾಸನಗಳು ಪೆರ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರು ಹೇಳುತ್ತವೆ. ಎತ್ತಿನ ಹೇರಿಗೆ ಇಷ್ಟು, ಬಂಡಿಗೆ ಇಷ್ಟು ಎಂದು ವರ್ತಕರು ಗುಡಿಗೆ ಬಿಟ್ಟ ದತ್ತಿಗಳನ್ನೂ ದಾಖಲಿಸುತ್ತವೆ. ಹೇರನ್ನು ಎಣಿಸಬೇಕಾದರೆ ಹೇರು ಹೊತ್ತ ಎತ್ತು ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಬಂಡಿ ಒಂದೇ ಜಾಗದಲ್ಲಿ ನಿಂತರೆ ಸುಂಕದವನಿಗೂ ಲಾಭ, ವರ್ತಕನಿಗೂ ಅನುಕೂಲ, ದತ್ತಿ ಪಡೆಯುವ ಗುಡಿಗೂ ಖಾತ್ರಿ. ಸಂತೆಯ ಬಯಲು, ಗುಡಿಯ ಪೌಳಿ, ಕೆರೆಯ ದಂಡೆಗಳು ಇಂಥ ತಂಗುದಾಣಗಳಾಗಿ ಬಳಕೆಗೆ ಬಂದದ್ದು ಈ ಹಿತಾಸಕ್ತಿಗಳು ಕೂಡಿದ್ದರಿಂದ ಎಂದು ಊಹಿಸಬಹುದು. ಸುಂಕ ತೆಗೆದುಕೊಂಡವರು ಜಾಗ ಕೊಡಬೇಕು ಎಂಬುದು ಮೊದಲ ಉತ್ತರ.

ಸ್ವಂತ ಚಕ್ಕಡಿಯ ಮಾತು ಬೇರೆ. ಅದಕ್ಕೆ ಉತ್ತರ ಮನೆಯೇ ಕೊಡುತ್ತಿತ್ತು. ಧಾರವಾಡ ಕಡೆಯ ಹಳೆಯ ಒಕ್ಕಲುಮನೆಯಲ್ಲಿ ಮುಂಬಾಗಿಲು ದಾಟಿದರೆ ಮೊದಲು ಸಿಗುವುದು ದನದ ಹಕ್ಕಿ, ಆಮೇಲೆ ಎತ್ತರದ ಪಡಸಾಲೆ. ಎತ್ತುಗಳು ಮಾಡಿನೊಳಗೆ, ಚಕ್ಕಡಿ ಮಾತ್ರ ಹೊರಗೆ. ಮನೆಯ ಮುಂದೆಯೋ ಹಿತ್ತಲಲ್ಲೋ ಮೂಕಿ ನೆಲಕ್ಕೂರಿ ಅದು ನಿಂತಿರುತ್ತಿತ್ತು. ಬಣವೆ, ತಿಪ್ಪೆ, ಕಣ ಇವೆಲ್ಲ ಊರ ಅಂಚಿನಲ್ಲಿ. ಸರ್ಕಾರಿ ಕಾಗದದಲ್ಲಿ ಗಾಂವಠಾಣ, ಗಾಯರಾಣ ಎಂದು ಕರೆಸಿಕೊಳ್ಳುವ ನೆಲ ಇದಕ್ಕೆಲ್ಲ ಆಸರೆಯಾಗಿತ್ತು. ಚಕ್ಕಡಿಯ ಜಾಗಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ಬೆಲೆ ಇರಲಿಲ್ಲ ಎಂದಲ್ಲ, ಆ ಬೆಲೆಯನ್ನು ಊರೆಲ್ಲ ಹಂಚಿಕೊಂಡು ಹೊತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಲೆಕ್ಕ ಕಲಕಿತು. ಅದಕ್ಕೆ ಕಾರಣ ಹತ್ತಿ. ಧಾರವಾಡದ ಎರೆಹೊಲಗಳ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಇಲ್ಲಿಯಾದರೂ ವ್ಯಾಪಾರದಲ್ಲಿ ಅದರ ಹೆಸರೇ ಕುಮಟಾ ಹತ್ತಿ ಎಂದಾಯಿತು. ಮೊದಲು ಹೇರೆತ್ತುಗಳ ಮೇಲೆ ಸಾಗುತ್ತಿದ್ದ ಸರಕು, ರಸ್ತೆಗಳು ಆದಂತೆ ಬಂಡಿಗಳಿಗೆ ಏರಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. ಅದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಕಾರವಾರ ಬಂದರು ಮತ್ತು ಘಟ್ಟದ ರಸ್ತೆಗಳ ಆಸೆ ಇದರ ಹಿಂದಿತ್ತು. ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ, ಅಲ್ಲಿಂದ ಅರಬೈಲು ಘಟ್ಟಕ್ಕೆ ಹೋಗುವ ದಾರಿಯ ಮೇಲೆ ಕಲಘಟಗಿ ಕುಳಿತಿದೆ. ಬಯಲುಸೀಮೆ ಮುಗಿದು ಕಾಡು ಶುರುವಾಗುವ ಇಂಥ ಊರಿನಲ್ಲಿ ಕೊಳ್ಳ ಹರಿದು ಎತ್ತುಗಳಿಗೆ ನೀರು, ಹೊಟ್ಟು ತೋರಿಸಿ ಮುಂದೆ ಹೋಗುವುದು ಬಂಡಿಯವರ ರೂಢಿ. ಇಂದು ಅದೇ ದಾರಿಯ ಢಾಬಾಗಳ ಮುಂದಿನ ಬಯಲಿನಲ್ಲಿ ಲಾರಿಗಳು ನಿಂತಿರುತ್ತವೆ. ಊಟ ಹಾಕುವವನು ನಿಲ್ಲುವ ಜಾಗವನ್ನೂ ಕೊಡುತ್ತಾನೆ, ಅದರ ಖರ್ಚು ರೊಟ್ಟಿಯ ಬೆಲೆಯಲ್ಲಿ ಸೇರಿರುತ್ತದೆ.

1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿಗಳು ಹುಬ್ಬಳ್ಳಿ, ಗದಗಗಳನ್ನು ಕೂಡಿಸಿದವು. ಅಣ್ಣಿಗೇರಿಗೆ ಸ್ಟೇಷನ್ ಬಂತು. ಘಟ್ಟ ಇಳಿಯುತ್ತಿದ್ದ ಚಕ್ಕಡಿ ಈಗ ಸ್ಟೇಷನ್ನಿನ ದಾರಿ ಹಿಡಿಯಿತು. ರೈಲು ಬಂದರೆ ಬಂಡಿ ಕಡಿಮೆಯಾಗುತ್ತದೆ ಎಂದು ತೋರುತ್ತದೆ. ಆದರೆ ದೂರದ ಹಾದಿಯಲ್ಲಿ ಚದುರಿದ್ದ ಬಂಡಿಗಳು ಒಂದೇ ಊರಿನಲ್ಲಿ, ಒಂದೇ ಸುಗ್ಗಿಯಲ್ಲಿ, ಒಂದೇ ಅಂಗಳಕ್ಕೆ ಬಂದು ಸಾಲುಗಟ್ಟುವುದೂ ರೈಲಿನಿಂದಲೇ. ನಿಲ್ಲಿಸುವ ಜಾಗ ಒಂದು ಸಮಸ್ಯೆಯಾಗುವುದು ಹೀಗೆ.

ಆ ಸಮಸ್ಯೆಗೆ ಬ್ರಿಟಿಷ್ ಆಡಳಿತ ಕೊಟ್ಟ ಉತ್ತರದಲ್ಲಿ ತೆರಿಗೆ ಮತ್ತು ಶಿಕ್ಷೆ ಎರಡೂ ಇದ್ದವು. 1901ರ ಮುಂಬಯಿ ಜಿಲ್ಲಾ ಮುನಿಸಿಪಲ್ ಕಾಯ್ದೆ ಬಂಡಿಗಳ ಮೇಲೆ, ಎಳೆಯುವ ಮತ್ತು ಹೊರುವ ದನಗಳ ಮೇಲೆ ತೆರಿಗೆ ಹಾಕಲು, ಊರೊಳಗೆ ಬರುವ ಗಾಡಿಗಳಿಗೆ ಟೋಲ್ ಹಾಕಲು, ಸರಕಿಗೆ ಜಕಾತಿ ವಸೂಲು ಮಾಡಲು ಪುರಸಭೆಗಳಿಗೆ ಅಧಿಕಾರ ಕೊಟ್ಟಿತು. ಊರ ಬಾಯಿಯಲ್ಲಿ ಜಕಾತಿ ನಾಕಾ ಬಂತು. ಇದಕ್ಕೂ ಮೊದಲಿನ 1871ರ ದನಗಳ ಅತಿಕ್ರಮಣ ಕಾಯ್ದೆ ಬೆಳೆಗೆ ನುಗ್ಗಿದ, ಸಾರ್ವಜನಿಕ ರಸ್ತೆಯಲ್ಲಿ ಅಲೆಯುವ ದನಗಳನ್ನು ಹಿಡಿದು ಕೊಂಡವಾಡಕ್ಕೆ ಹಾಕಲು ಅವಕಾಶ ಕೊಟ್ಟಿತ್ತು. ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು, ಯಾರೂ ಬರದಿದ್ದರೆ ಹರಾಜು. ಇಂದು ಟೋಯಿಂಗ್ ಲಾರಿ ಎತ್ತಿಕೊಂಡು ಹೋದ ಬೈಕನ್ನು ಠಾಣೆಯ ಮುಂದೆ ಬಿಡಿಸಿಕೊಳ್ಳುವವನು ಆ ಕೊಂಡವಾಡದ ಪದ್ಧತಿಯಲ್ಲೇ ನಿಂತಿದ್ದಾನೆ, ಮೇವಿನ ಖರ್ಚಿನ ಜಾಗದಲ್ಲಿ ಎತ್ತಿ ತಂದ ಖರ್ಚು ಬಂದಿದೆ ಅಷ್ಟೆ. ಕುಂದಗೋಳದ ಸಂಗತಿ ಇನ್ನೂ ಬೇರೆ. ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಹುಬ್ಬಳ್ಳಿ ಪೇಟೆಗೆ ಹೊರಟ ಕುಂದಗೋಳದ ಒಕ್ಕಲಿಗ ಕೆಲವೇ ಹರದಾರಿಯಲ್ಲಿ ಒಂದು ಸರ್ಕಾರ ಬಿಟ್ಟು ಇನ್ನೊಂದು ಸರ್ಕಾರದ ನೆಲಕ್ಕೆ ಚಕ್ಕಡಿ ಹೊಡೆಯಬೇಕಾಗಿತ್ತು.

ಮೂರನೆಯ ಉತ್ತರ ಬಂದದ್ದು ಮಾರುಕಟ್ಟೆಯ ಕಾನೂನುಗಳಿಂದ. ಅಡತಿ ಅಂಗಡಿಗಳ ಮುಂದೆ ಬೀದಿಯಲ್ಲಿಯೇ ತೂಕ, ಬೀದಿಯಲ್ಲಿಯೇ ಸವಾಲು ನಡೆಯುತ್ತಿದ್ದಾಗ ರೈತ ಚಕ್ಕಡಿ ಬಿಟ್ಟು ಅತ್ತಿತ್ತ ಹೋಗುವಂತಿರಲಿಲ್ಲ. ದಲಾಲಿ ಹೇಳಿದ ಬೆಲೆಗೆ ಒಪ್ಪದಿದ್ದರೆ ತುಂಬಿದ ಬಂಡಿ ಹೊಡೆದುಕೊಂಡು ಇನ್ನೊಂದು ಅಂಗಡಿಯ ಮುಂದೆ ಜಾಗ ಹುಡುಕಬೇಕು. ನಿಲ್ಲಲು ಜಾಗವಿಲ್ಲದವನಿಗೆ ಚೌಕಾಸಿ ಮಾಡುವ ಬಲವೂ ಇರುವುದಿಲ್ಲ. 1927ರ ಮುಂಬಯಿ ಹತ್ತಿ ಮಾರುಕಟ್ಟೆ ಕಾಯ್ದೆ, 1939ರ ಮುಂಬಯಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ, ಏಕೀಕರಣದ ನಂತರ 1966ರ ನಮ್ಮ ರಾಜ್ಯದ ಕಾಯ್ದೆ, ಇವು ವ್ಯಾಪಾರವನ್ನು ಬೀದಿಯಿಂದ ಎತ್ತಿ ಬೇಲಿ ಹಾಕಿದ ಪ್ರಾಂಗಣಕ್ಕೆ ತಂದವು. ಎಪಿಎಂಸಿ ಎಂದು ಎಲ್ಲರೂ ಕರೆಯುವ ಆ ಯಾರ್ಡನ್ನು ತೂಕದ ಮೋಸ ತಡೆಯುವ ಸಾಧನವಾಗಿ ನಾವು ಓದುತ್ತೇವೆ. ಅದು ರಸ್ತೆಯ ಹೊರಗೆ ಬಂಡಿ ನಿಲ್ಲಿಸುವ ವ್ಯವಸ್ಥೆಯೂ ಹೌದು. ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಯಾರ್ಡುಗಳಲ್ಲಿ ಅಂಗಡಿಗಳ ನಡುವೆ ಬಿಟ್ಟ ಅಗಲವಾದ ಬಯಲು ನೋಡಿದರೆ ಇದು ತಿಳಿಯುತ್ತದೆ. ಯಾವ ಅಂಗಡಿಯೂ ತನ್ನ ಪಾಲಿನ ಜಾಗವನ್ನು ಬೇರೆಯಾಗಿ ಬಿಡಬೇಕಿಲ್ಲ. ಜಾಗ ಎಲ್ಲರದು, ಖರ್ಚು ಮಾರುಕಟ್ಟೆ ಶುಲ್ಕದಿಂದ.

ಈಗಿನ ಉತ್ತರ ನಾಲ್ಕನೆಯದು. ಅದು ಹುಟ್ಟಿದ್ದು ದೂರದಲ್ಲಿ. ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರ 1923ರಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರೇ ಕಾರು ನಿಲ್ಲಿಸುವ ಜಾಗ ಬಿಡಬೇಕೆಂದು ನಿಯಮ ಮಾಡಿತು. 1939ರಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಅದನ್ನು ಆಸ್ಪತ್ರೆ, ಹೋಟೆಲುಗಳಿಗೆ ವಿಸ್ತರಿಸಿತು. ಎರಡನೆಯ ಮಹಾಯುದ್ಧದ ನಂತರ ಅದು ಜಗತ್ತಿನ ನಗರ ಯೋಜಕರ ಸಾಮಾನ್ಯ ಪಾಠವಾಯಿತು. ನಮ್ಮಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1965ರಲ್ಲಿ ಜಾರಿಗೆ ಬಂದ ಮೇಲೆ ವಲಯ ನಿಯಮಗಳ ಬಾಗಿಲು ತೆರೆಯಿತು. ಕಟ್ಟಡದ ವಿಸ್ತೀರ್ಣಕ್ಕೆ ತಕ್ಕಂತೆ ಇಷ್ಟು ಕಾರಿನ ಜಾಗ ಎಂಬ ಕೋಷ್ಟಕಗಳು ಅದರ ಹಿಂದೆ ಬಂದವು. ಬೀದಿ ಎಲ್ಲರದು, ಅದನ್ನು ತುಂಬಿಸುವ ಲಾಭ ಒಬ್ಬನದಾಗಬಾರದು ಎಂಬ ನ್ಯಾಯ ಇದರ ಹಿಂದಿದೆ. ಮದುವೆ ಹಾಲ್ ಕಟ್ಟಿ ನೂರಾರು ಗಾಡಿಗಳನ್ನು ರಸ್ತೆಗೆ ಬಿಡುವವನಿಗೆ ಈ ನ್ಯಾಯವನ್ನು ಹೇಳಲೇಬೇಕು.

ತೊಡಕು ಬರುವುದು ಪೇಟೆಯ ಸಣ್ಣ ನಿವೇಶನಕ್ಕೆ ಅದೇ ಕೋಷ್ಟಕ ಹಿಡಿದಾಗ. ಹಳೆಯ ಪೇಟೆಯ ಅಂಗಡಿ ಹತ್ತು ಅಡಿ ಅಗಲವಿದೆ ಎನ್ನಿ, ಅಂದರೆ ಸುಮಾರು ಮೂರು ಮೀಟರ್. ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ ಬೇಕು. ಒಳಗೆ ಕಾರಿಗೆ ದಾರಿ ಬಿಟ್ಟರೆ ಅಂಗಡಿಗೆ ಉಳಿಯುವುದು ಅರ್ಧ ಮೀಟರ್, ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು. ದೆಹಲಿಯ 2021ರ ಮಾಸ್ಟರ್ ಪ್ಲಾನ್ ಓಡಾಡುವ ದಾರಿಯನ್ನೂ ಸೇರಿಸಿ ಒಂದು ಕಾರಿಗೆ ಬಯಲಿನಲ್ಲಿ 23 ಚದರ ಮೀಟರ್, ಕಟ್ಟಡದ ನೆಲಮಟ್ಟದಲ್ಲಿ 28, ನೆಲಮಾಳಿಗೆಯಲ್ಲಿ 32 ಎಂದು ಲೆಕ್ಕ ಹಾಕಿದೆ. ಮೂವತ್ತು-ನಲವತ್ತು ಅಡಿಯ ನಿವೇಶನ 111 ಚದರ ಮೀಟರ್ ಆಗುತ್ತದೆ. ಬಯಲಿನ ಲೆಕ್ಕದಲ್ಲಿಯೇ ಒಂದು ಕಾರು ಅದರ ಐದನೆಯ ಒಂದು ಪಾಲು ನುಂಗುತ್ತದೆ. ಹೀಗಾಗಿ ಎರಡರಲ್ಲಿ ಒಂದು ಆಗುತ್ತದೆ. ಹಣವಿದ್ದವನು ನಾಲ್ಕು ಜಾಗ ಕೂಡಿಸಿ ಕೊಂಡು ದೊಡ್ಡ ಕಾಂಪ್ಲೆಕ್ಸ್ ಕಟ್ಟುತ್ತಾನೆ. ಇಲ್ಲದವನು ನಕ್ಷೆಯಲ್ಲಿ ಪಾರ್ಕಿಂಗ್ ಎಂದು ಬರೆದು, ಕಟ್ಟಡ ಎದ್ದ ಮೇಲೆ ಅಲ್ಲಿ ಷಟರ್ ಇಳಿಸಿ ಬಾಡಿಗೆಗೆ ಕೊಡುತ್ತಾನೆ. ನಿಯಮ ಕಾಗದದಲ್ಲಿ ಉಳಿಯುತ್ತದೆ, ಬೈಕುಗಳು ರಸ್ತೆಯಲ್ಲಿ ಉಳಿಯುತ್ತವೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಕೋಷ್ಟಕದ ಅಳತೆಗೋಲು ಕಾರು. ನವಲಗುಂದದ ಪೇಟೆಗೆ ಬರುವ ಗಾಡಿಗಳಲ್ಲಿ ಕಾರಿನ ಜೊತೆಗೆ ಟಂಟಂ, ಬೈಕು, ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಇವೆ. ಮಲಪ್ರಭೆಯ ಕಾಲುವೆ ನೀರು ಬಂದ ಮೇಲೆ ಆ ಸೀಮೆಯ ಬೇಸಾಯ ಬದಲಾಯಿತು, ಚಕ್ಕಡಿಯ ಕೆಲಸ ಮೆಲ್ಲಗೆ ಟ್ರ್ಯಾಕ್ಟರಿಗೆ ಹೋಯಿತು. ಕಾರಿನ ಚೌಕದಲ್ಲಿ ಟ್ರೇಲರ್ ಹಿಡಿಸುವುದಿಲ್ಲ. ನಿಯಮ ಅಂಗಡಿಯ ವಿಸ್ತೀರ್ಣವನ್ನು ಅಳೆಯುತ್ತದೆ. ಆದರೆ ಇಲ್ಲಿ ಗಾಡಿಗಳ ಸಂಖ್ಯೆಯನ್ನು ನಿರ್ಧರಿಸುವುದು ಸಂತೆಯ ದಿನ, ಬಿತ್ತನೆಯ ಬೀಜ-ಗೊಬ್ಬರದ ವಾರ, ಹತ್ತಿ-ಮೆಣಸಿನಕಾಯಿಯ ಸುಗ್ಗಿ, ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಜನ ಸೇರುವ ಹೋಳಿ. ವಾರದ ಐದು ದಿನ ಖಾಲಿ ಬಿದ್ದು ಆರನೆಯ ದಿನ ಸಾಲದ ಜಾಗವನ್ನು ಪ್ರತಿಯೊಂದು ಅಂಗಡಿಯೂ ಬೇರೆ ಬೇರೆಯಾಗಿ ಹೊತ್ತರೆ ಅದು ಯಾರಿಗೂ ದಕ್ಕುವುದಿಲ್ಲ. ಉಳವಿ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಇಂದಿಗೂ ಚಕ್ಕಡಿಗಳು ಹೋಗುತ್ತವೆ. ಅಲ್ಲಿ ಅಷ್ಟು ಚಕ್ಕಡಿ, ಅಷ್ಟು ಎತ್ತುಗಳಿಗೆ ಇಂಬು ಸಿಗುವುದು ಹಂಚಿಕೊಂಡ ಬಯಲಿನಿಂದ.

ಜಗತ್ತೂ ಈಗ ಮರುಯೋಚನೆ ಮಾಡುತ್ತಿದೆ. ಜಪಾನ್ 1962ರ ಕಾನೂನಿನಲ್ಲಿಯೇ ಹೊರೆಯನ್ನು ವಾಹನದ ಒಡೆಯನ ಮೇಲೆ ಹಾಕಿತು: ನಿಲ್ಲಿಸಲು ಜಾಗ ಇದೆಯೆಂದು ತೋರಿಸಿದ ಮೇಲೆಯೇ ಕಾರು. ಅಮೆರಿಕದ ಡೊನಾಲ್ಡ್ ಶೂಪ್ 2005ರ ತನ್ನ ಗ್ರಂಥದಲ್ಲಿ, ಉಚಿತವೆಂದು ಕಾಣುವ ಪಾರ್ಕಿಂಗಿನ ಬೆಲೆಯನ್ನು ಬಾಡಿಗೆ ಮತ್ತು ಸರಕಿನ ದರದ ಮೂಲಕ ಕಾರಿಲ್ಲದವರೂ ಕಟ್ಟುತ್ತಾರೆ ಎಂದು ವಾದಿಸಿದ. 2017ರಲ್ಲಿ ಬಫಲೋ ಮತ್ತು ಮೆಕ್ಸಿಕೋ ಸಿಟಿ ಕನಿಷ್ಠ ಪಾರ್ಕಿಂಗ್ ನಿಯಮವನ್ನೇ ತೆಗೆದುಹಾಕಿದವು. ನಮ್ಮ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಯನ್ನು ತೋರಿಸಬೇಕು ಎನ್ನುತ್ತದೆ.

ಆದರೆ ನಾಲ್ಕು ಸಣ್ಣ ಊರುಗಳಿಗೆ ಬೇಕಾದ ಪಾಠ ಅಷ್ಟು ದೂರದಲ್ಲಿಲ್ಲ. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾಯಿತು, ನಾಕಾಗಳು ಹೋದವು. ಸಂತೆಯ ಬಯಲು, ಕೊಂಡವಾಡದ ಅಂಗಳ, ಊರಂಚಿನ ಗಾಯರಾಣಗಳು ಇಂಥ ಊರುಗಳಲ್ಲೆಲ್ಲ ಒಂದೊಂದಾಗಿ ಕಟ್ಟಡಗಳಾಗುತ್ತಿವೆ, ಕೆಲವು ಕಡೆ ಸರ್ಕಾರಿ ಕಟ್ಟಡಗಳೇ. 1988ರ ಮೋಟಾರು ವಾಹನ ಕಾಯ್ದೆಯ 117ನೆಯ ಕಲಮು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ವಾಹನ ನಿಲ್ಲುವ ಜಾಗಗಳನ್ನು ಗೊತ್ತುಮಾಡಲು ಅಧಿಕಾರ ಕೊಡುತ್ತದೆ. ಪೇಟೆಯಲ್ಲಿ ಕಟ್ಟುವವನಿಂದ ಹತ್ತು ಅಡಿಯೊಳಗೆ ಒಂದು ಕಾರಿನ ಚೌಕ ಕೇಳುವ ಬದಲು, ಅದರ ಪಾಲಿನ ಹಣ ಪಡೆದು ಪುರಸಭೆ ಪೇಟೆಗೆ ನಡೆದು ಬರುವಷ್ಟು ಹತ್ತಿರದಲ್ಲಿ ಒಂದು ಬಯಲು ಉಳಿಸಿದರೆ, ಅಲ್ಲಿ ಟ್ರ್ಯಾಕ್ಟರೂ ನಿಂತೀತು, ಬೈಕೂ ನಿಂತೀತು. ಸುಂಕ ತೆಗೆದುಕೊಂಡವರು ಜಾಗ ಕೊಡುವ ಹಳೆಯ ಕ್ರಮ ಅದೇ. ಅದಕ್ಕೆ ಬೇಕಾದ ಬಯಲುಗಳಲ್ಲಿ ಕೆಲವಾದರೂ ಇನ್ನೂ ಉಳಿದಿವೆ. ಅವುಗಳ ಮೇಲೆ ಕಟ್ಟಡ ಎದ್ದ ಮೇಲೆ, ಗೊಬ್ಬರದ ಚೀಲ ಒಯ್ಯಲು ಬಂದ ರೈತನಿಗೆ ರಸ್ತೆಯ ಅಂಚು ಮತ್ತು ದಂಡದ ಚೀಟಿ ಎರಡೇ ಸಿಗುತ್ತವೆ.