ಪೆಟ್ರೋಲಿನ ಬೆಲೆ ಮತ್ತು ಮೇಷ್ಟರ ಮನೆ

ಹೋದ ತಿಂಗಳು ಮಂಚೇನಹಳ್ಳಿಗೆ ಒಂದು ಮದುವೆಗೆಂದು ಹೋಗಿದ್ದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಕುಳಿತ. ಈಗ ಅವನ ತಲೆಯೂ ನರೆತಿದೆ. ಎಲೆಗೆ ನೀರು ಚಿಮುಕಿಸುತ್ತ, "ಮೇಷ್ಟ್ರೇ, ಹದಿನಾರು ವರ್ಷ ನಮ್ಮೂರಲ್ಲೇ ಇದ್ದೋರು ನೀವು. ಒಂದಿನ ಗೌರಿಬಿದನೂರಿಗೆ ಮನೆ ಎತ್ಕೊಂಡು ಹೊರಟುಬಿಟ್ರಲ್ಲ, ನಾವೇನಾದ್ರೂ ತಪ್ಪು ಮಾಡಿದ್ವಾ?" ಎಂದು ಕೇಳಿದ. ನಗುತ್ತಲೇ ಕೇಳಿದ ಮಾತು. ಆದರೂ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದಾಗ, ಇದು ನನ್ನೊಬ್ಬನ ಕಥೆಯಲ್ಲ, ನಮ್ಮ ಸೀಮೆಯ ಚರಿತ್ರೆಯ ಒಂದು ತುಣುಕು ಎನ್ನಿಸಿತು.

ನಮ್ಮ ಮಂಚೇನಹಳ್ಳಿ ಗೌರಿಬಿದನೂರಿಗೂ ಚಿಕ್ಕಬಳ್ಳಾಪುರಕ್ಕೂ ನಡುವೆ ಇರುವ ಊರು. ಬಹುಕಾಲ ಹೋಬಳಿಯಾಗಿದ್ದು ಇತ್ತೀಚೆಗೆ ತಾಲ್ಲೂಕಾಗಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ದೊಡ್ಡಬಳ್ಳಾಪುರ, ಮಾಕಳಿದುರ್ಗ, ತೊಂಡೇಭಾವಿಗಳ ಮೂಲಕ ಹಿಂದೂಪುರಕ್ಕೆ ಹೋದ ರೈಲು ಗೌರಿಬಿದನೂರನ್ನು ಮುಟ್ಟಿತು. 1910ರ ದಶಕದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಪುಟ್ಟ ರೈಲು ಬಂದಿತು. ಎರಡು ಹಳಿಗಳ ನಡುವೆ ಇದ್ದು ಎರಡೂ ಇಲ್ಲದ ಊರು ನಮ್ಮದು. ನಮಗೆ ಉಳಿದದ್ದು ರಸ್ತೆ. ರಸ್ತೆ ಎಂದರೆ ಕಾಲು, ಎತ್ತು, ಆಮೇಲೆ ಎಣ್ಣೆ.

ರೈಲಿದ್ದರೂ ಜೇಬಿನಲ್ಲಿ ಕಾಸಿಲ್ಲದವರಿಗೆ ಅದು ಇಲ್ಲದಂತೆಯೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1930ರ ದಶಕದಲ್ಲಿ ಹೈಸ್ಕೂಲು ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಹೋದರು, ಪ್ರಯಾಣಕ್ಕೆ ಹಣವಿರಲಿಲ್ಲ. ಹಾಗೆ ಹೋದವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು, ಜೀವಮಾನದ ಬಹುಭಾಗ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಕಳೆದರು. ದಿನವೂ ಹೋಗಿಬರುವ ಮಾತು ಆ ಕಾಲದಲ್ಲಿ ಹುಟ್ಟಿರಲೇ ಇಲ್ಲ. ಓದುವವನು ಓದುವ ಊರಲ್ಲಿ, ದುಡಿಯುವವನು ದುಡಿಯುವ ಊರಲ್ಲಿ ಇರಬೇಕಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳು ಇದ್ದಿಲಿನ ಅನಿಲದಿಂದ ಓಡಿದವು. ಬಸ್ಸಿನ ಹಿಂಭಾಗದಲ್ಲಿ ದೊಡ್ಡ ಡ್ರಮ್ಮು. ಹೊರಡುವ ಮುನ್ನ ಕ್ಲೀನರು ಬೆಂಕಿ ಹೊತ್ತಿಸಿ ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಹಾಕಬೇಕು. ದಿಬ್ಬ ಬಂದರೆ ಜನ ಇಳಿದು ತಳ್ಳಬೇಕು. "ಬಸ್ಸಿಗೆ ಕೊಟ್ಟದ್ದು ದುಡ್ಡೂ ಹೌದು, ಬೆವರೂ ಹೌದು" ಎಂದು ನಮ್ಮ ತಂದೆಯವರು ನಗುತ್ತಿದ್ದರು.

ನಾನು 1970ರಲ್ಲಿ ಮಂಚೇನಹಳ್ಳಿಯಿಂದ ಒಳಗಿರುವ ಹಳ್ಳಿಯೊಂದಕ್ಕೆ ಮೇಷ್ಟರಾಗಿ ಹೋದೆ. ತಿಂಗಳಿಗೆ ಎಂಟು ರೂಪಾಯಿ ಬಾಡಿಗೆಯ ಹೆಂಚಿನ ಮನೆ. 1973ರ ಅಕ್ಟೋಬರಿನಲ್ಲಿ ಅರಬ್-ಇಸ್ರೇಲ್ ಯುದ್ಧ ನಡೆದು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಯಿತು. ಆ ನವೆಂಬರಿನಲ್ಲಿ ವಾಜಪೇಯಿಯವರು ಪ್ರತಿಭಟನೆಗಾಗಿ ಎತ್ತಿನಗಾಡಿಯಲ್ಲಿ ಸಂಸತ್ತಿಗೆ ಬಂದರು. ನಮ್ಮ ಹಳ್ಳಿಯವರಿಗೆ ಅದರಲ್ಲಿ ಸುದ್ದಿಯೇನೂ ಕಾಣಲಿಲ್ಲ. ಅವರು ಸಂತೆಗೆ ದಿನವೂ ಹಾಗೆಯೇ ಹೋಗುತ್ತಿದ್ದರು! ಆದರೆ ನಮ್ಮೂರಿಗೆ ಬರುತ್ತಿದ್ದ ಎರಡು ಬಸ್ಸುಗಳಲ್ಲಿ ಸಂಜೆಯದು ನಿಂತುಹೋಯಿತು, ಸೀಮೆಎಣ್ಣೆಗೆ ಸಾಲು ಬೆಳೆಯಿತು. ಅಲ್ಲಿಯೇ ವಾಸವಿದ್ದ ನನಗೆ ಶಾಲೆಗೆ ಹೋಗಲು ಒಂದು ತೊಟ್ಟು ಎಣ್ಣೆಯೂ ಬೇಕಿರಲಿಲ್ಲ. ಸಂಜೆ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯ ಹುಡುಗರು ನನ್ನ ಜಗಲಿಗೆ ಬರುತ್ತಿದ್ದರು. ಎಣ್ಣೆ ಉಳಿಸಲೆಂದು ಎಲ್ಲರಿಗೂ ಒಂದೇ ಲಾಟೀನು. ಮದುವೆಯಲ್ಲಿ ಪ್ರಶ್ನೆ ಕೇಳಿದವನೂ ಮುಂದೆ ಆ ಲಾಟೀನಿನ ಸುತ್ತ ಕುಳಿತು ಲೆಕ್ಕ ಕಲಿತವನೇ.

ಎಂಬತ್ತರ ದಶಕದಲ್ಲಿ ಮೊಪೆಡ್ಡುಗಳು ಬಂದವು. 1986ರಲ್ಲಿ ಸಾಲ ಮಾಡಿ ನಾನೂ ಒಂದು ಟಿವಿಎಸ್ ತೆಗೆದುಕೊಂಡೆ. ಆಗ ಪೆಟ್ರೋಲು ಲೀಟರಿಗೆ ಎಂಟು ರೂಪಾಯಿಯ ಆಸುಪಾಸು. ಮಗ ಹೈಸ್ಕೂಲಿಗೆ ಬಂದಿದ್ದ. ಗೌರಿಬಿದನೂರಿನಲ್ಲಿ ಮನೆ ಮಾಡಿದೆವು. ಶಾಲೆಗೆ ಇಪ್ಪತ್ತು ಕಿಲೋಮೀಟರು. ಹೋಗಿಬರಲು ನಲವತ್ತರಂತೆ ತಿಂಗಳಿಗೆ ಇಪ್ಪತ್ತನಾಲ್ಕು ದಿನ, ಲೀಟರಿಗೆ ಐವತ್ತು ಕಿಲೋಮೀಟರಾದರೆ ಹತ್ತೊಂಬತ್ತು ಲೀಟರು, ನೂರೈವತ್ತು ರೂಪಾಯಿ. ನನ್ನ ಸಂಬಳದ ಎಂಟನೆಯ ಒಂದು ಭಾಗ. (ಲೆಕ್ಕದ ಮೇಷ್ಟರ ಚಾಳಿ, ಕ್ಷಮಿಸಿ.) ಕೇಂದ್ರಸ್ಥಾನದಲ್ಲಿ ವಾಸಿಸಬೇಕೆಂಬ ನಿಯಮವಿತ್ತು. ಕಾಗದದಲ್ಲಿ ಹಳ್ಳಿಯ ವಿಳಾಸವನ್ನೇ ಬರೆಯುತ್ತ ಬಂದೆ. ಅದು ಸರಿಯಲ್ಲವೆಂದು ಆಗಲೂ ಗೊತ್ತಿತ್ತು.

ನಾನು ಶಾಲೆಗೆ ತಡವಾಗಿ ಹೋದವನಲ್ಲ, ಪಾಠ ತಪ್ಪಿಸಿದವನಲ್ಲ. ಆದರೆ ನಾಲ್ಕೂವರೆಯ ಗಂಟೆ ಬಾರಿಸಿದೊಡನೆ ಮೊಪೆಡ್ಡಿನ ಕಡೆಗೆ ನಡೆಯುವವನಾದೆ. ಜಗಲಿಯ ಪಾಠ ನಿಂತಿತು.

1990ರಲ್ಲಿ ಕೊಲ್ಲಿ ಬಿಕ್ಕಟ್ಟು ಬಂದು ಪೆಟ್ರೋಲು ಒಮ್ಮೆಗೇ ಏರಿದಾಗ ನಾನು ಮತ್ತು ಸಹೋದ್ಯೋಗಿಯೊಬ್ಬರು ಒಂದೇ ಮೊಪೆಡ್ಡಿನಲ್ಲಿ ಹೋಗತೊಡಗಿದೆವು. ಏರಿನಲ್ಲಿ ಒಬ್ಬರು ಇಳಿಯುತ್ತಿದ್ದೆವು. ಬೆಲೆ ಏರಿತೆಂದು ಯಾರೂ ಹಳ್ಳಿಗೆ ವಾಪಸಾಗಲಿಲ್ಲ. ಇದನ್ನು ನಾನು ಹಲವು ಸಲ ಯೋಚಿಸಿದ್ದೇನೆ. ಅಗ್ಗದ ಎಣ್ಣೆ ಮನೆಯನ್ನು ಊರಿಂದ ಹೊರಗೆ ಕರೆದೊಯ್ದಿತು. ದುಬಾರಿ ಎಣ್ಣೆ ಅದನ್ನು ಹಿಂದಕ್ಕೆ ತರಲಿಲ್ಲ. ಆ ವೇಳೆಗೆ ಮಕ್ಕಳ ಶಾಲೆ, ಆಸ್ಪತ್ರೆ, ಮನೆಯವಳ ಸ್ನೇಹಿತೆಯರು ಎಲ್ಲವೂ ಪಟ್ಟಣದಲ್ಲಿ ಬೇರು ಬಿಟ್ಟಿದ್ದವು. ಹಳ್ಳಿಯ ಆ ಹೆಂಚಿನ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದರು.

2010ರಲ್ಲಿ ಪೆಟ್ರೋಲಿನ ಬೆಲೆಯನ್ನೂ 2014ರಲ್ಲಿ ಡೀಸೆಲ್ಲಿನದನ್ನೂ ಸರ್ಕಾರ ತನ್ನ ಹಿಡಿತದಿಂದ ಬಿಟ್ಟಿತು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು ನೂರು ದಾಟಿತು. ನನ್ನ ಹಳೆಯ ಹತ್ತೊಂಬತ್ತು ಲೀಟರಿಗೆ ಈಗ ಸಾವಿರದ ಒಂಬೈನೂರು. ಐವತ್ತು ಅರವತ್ತು ಸಾವಿರ ಸಂಬಳದ ಕಾಯಂ ಶಿಕ್ಷಕರಿಗೆ ಅದು ನಮ್ಮ ಕಾಲಕ್ಕಿಂತ ಹಗುರವೇ. ಅದೇ ಕೊಠಡಿಯಲ್ಲಿ, ಪಕ್ಕದ ಕುರ್ಚಿಯಲ್ಲಿ ಕೂರುವ ಅತಿಥಿ ಶಿಕ್ಷಕರಿಗೆ ಹತ್ತು ಹನ್ನೆರಡು ಸಾವಿರ ಗೌರವಧನ. ಅವರಿಗೆ ಅದು ಆರರಲ್ಲಿ ಒಂದು, ಐದರಲ್ಲಿ ಒಂದು ಪಾಲು. ಬೆಲೆ ಏರಿತು ಎಂದು ಎಲ್ಲರೂ ಒಟ್ಟಿಗೆ ಹೇಳುತ್ತೇವೆ. ಅದು ಎಲ್ಲರಿಗೂ ಒಂದೇ ಸಮನಾಗಿ ಏರುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಯಿತು. ನಮ್ಮ ಬಂಧುಗಳಲ್ಲೇ ಒಬ್ಬಳು ಕೆಲಸಕ್ಕಾಗಿ ಗೌರಿಬಿದನೂರಿನಲ್ಲಿ ಕೋಣೆ ಹಿಡಿದಿದ್ದವಳು ಅದನ್ನು ಬಿಟ್ಟು ಮಂಚೇನಹಳ್ಳಿಯ ತವರಿಗೆ ಮರಳಿದಳು. ಅವಳ ತಮ್ಮ ಅದೇ ಬಸ್ಸಿಗೆ ದುಡ್ಡು ಕೊಡುತ್ತಾನೆ. 2025ರ ಜನವರಿಯಲ್ಲಿ ಶೇಕಡ 15ರಷ್ಟು ದರ ಏರಿದ ಮೇಲೆ ಇನ್ನಷ್ಟು ಕೊಡುತ್ತಾನೆ. ಬಸ್ಸು ಹೋಗದ ಒಳಹಳ್ಳಿಗಳಿಗೆ ಮಾತ್ರ ಉಚಿತವೂ ಇಲ್ಲ, ದರವೂ ಇಲ್ಲ. ಕೊನೆಯ ಮೂರು ಕಿಲೋಮೀಟರು ಇಂದಿಗೂ ನಡಿಗೆಯೇ.

ಮೊನ್ನೆ ಆ ವಿದ್ಯಾರ್ಥಿಗೆ ಫೋನು ಮಾಡಿ, "ನಿಮ್ಮ ತಪ್ಪೇನೂ ಇರಲಿಲ್ಲಪ್ಪ, ಎಂಟು ರೂಪಾಯಿಗೆ ಒಂದು ಲೀಟರು ಸಿಗುತ್ತಿತ್ತು, ನಾನು ಹೊರಟೆ" ಎಂದೆ. ಅವನು ಜೋರಾಗಿ ನಕ್ಕ. ಆಮೇಲೆ ಹೇಳಿದ: ಶಾಲೆಗೆ ಚಿಂತಾಮಣಿ ಕಡೆಯ ಹುಡುಗನೊಬ್ಬ ಅತಿಥಿ ಶಿಕ್ಷಕನಾಗಿ ಬಂದಿದ್ದಾನೆ. ಮೊದಲು ಚಿಕ್ಕಬಳ್ಳಾಪುರದಿಂದ ಬೈಕಿನಲ್ಲಿ ಬರುತ್ತಿದ್ದವನು ಈಗ ಊರಲ್ಲೇ ಒಂದು ಕೋಣೆ ಹಿಡಿದಿದ್ದಾನೆ. ಬಾಡಿಗೆ ಸಾವಿರದ ಇನ್ನೂರು, ಪೆಟ್ರೋಲಿಗಿಂತ ಕಡಿಮೆ. ಸಂಜೆ ಹುಡುಗರು ಅವನಲ್ಲಿಗೆ ಲೆಕ್ಕ ಕೇಳಲು ಹೋಗುತ್ತಾರಂತೆ. ಶಾಲೆಯ ವರ್ಷ ಮುಗಿದರೆ ಅವನ ನೇಮಕವೂ ಮುಗಿಯುತ್ತದೆ.