ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿಟ್ಟ ಅಲಗು

ಮಾಯಾ ನಾಗರಿಕತೆ ಎಂದೊಡನೆ ನೆನಪಾಗುವುದು ಪಿರಮಿಡ್ಡುಗಳು, ಪಂಚಾಂಗ ಮತ್ತು ಕಲ್ಲಿನಲ್ಲಿ ತಮ್ಮನ್ನು ಕೆತ್ತಿಸಿಕೊಂಡ ಅರಸರು. ಯಾರು ಪಟ್ಟವೇರಿದರು, ಯಾರು ಯಾರನ್ನು ಸೆರೆಹಿಡಿದರು ಎಂಬುದನ್ನು ಅವರ ಶಾಸನಗಳು ಹೇಳುತ್ತವೆ. ಮೆಕ್ಕೆಜೋಳ ಬೆಳೆದವನ, ಅದನ್ನು ಅರೆದು ಬೇಯಿಸಿದವಳ ಸುದ್ದಿ ಅಲ್ಲಿಲ್ಲ. ಅವರ ಬಗ್ಗೆ ತಿಳಿಯಬೇಕಾದರೆ ಮನೆಯಂಗಳದ ಕಸದಲ್ಲಿ ಸಿಗುವ ಕಪ್ಪು ಗಾಜಿನ ಚೂರುಗಳನ್ನು ಕೇಳಬೇಕು.

ಇದು ಮನುಷ್ಯ ಮಾಡಿದ ಗಾಜಲ್ಲ. ಜ್ವಾಲಾಮುಖಿಯ ಲಾವಾ ಹರಳುಗಟ್ಟುವ ಮೊದಲೇ ಬೇಗನೆ ಆರಿದರೆ ಅಬ್ಸಿಡಿಯನ್ ಆಗುತ್ತದೆ. ಕಬ್ಬಿಣವನ್ನು ಕಾಣದ ಮಾಯಾ ಜನ ಇದರ ಗಟ್ಟಿಯನ್ನು ಹದವಾಗಿ ಒತ್ತಿ, ತೆಳುವಾದ ನೀಳ ಅಲಗುಗಳನ್ನು ಎಬ್ಬಿಸುತ್ತಿದ್ದರು. ಆದರೆ ಟಿಕಾಲ್‌ನಂಥ ನಗರಗಳಿದ್ದ ತಗ್ಗುನಾಡಿನಲ್ಲಿ ಹೆಚ್ಚಾಗಿ ಸಿಗುವುದು ಸುಣ್ಣಕಲ್ಲು. ಗಾಜು ದೂರದ ಬೆಟ್ಟಗಳಿಂದ ಬರಬೇಕಿತ್ತು. ಗಾಡಿ ಇಲ್ಲ, ಹೇರು ಹೊರುವ ಪ್ರಾಣಿಯೂ ಇಲ್ಲ. ಮನುಷ್ಯನ ಬೆನ್ನು ಮತ್ತು ದೋಣಿ, ಇವೆರಡೇ ಸಾಗಾಟದ ದಾರಿ.

ಬಂದದ್ದು ಯಾವ ಬೆಟ್ಟದಿಂದ? ಮಧ್ಯ ಮೆಕ್ಸಿಕೋದ ಪಚುಕಾ ಗಾಜನ್ನು ಅದರ ಹಸಿರು ಛಾಯೆಯಿಂದ ಗುರುತಿಸಬಹುದು. ಉಳಿದವುಗಳಲ್ಲಿ ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಚೂರಿನ ಮೇಲೆ ಎಕ್ಸ್-ಕಿರಣ ಹಾಯಿಸುತ್ತಾರೆ. ಆಗ ಅದರೊಳಗಿನ ಪ್ರತಿಯೊಂದು ಮೂಲವಸ್ತುವೂ ತನ್ನದೇ ಗುರುತಿನ ಕಿರಣವನ್ನು ಮರಳಿ ಸೂಸುತ್ತದೆ. ರುಬಿಡಿಯಂ, ಸ್ಟ್ರಾನ್ಷಿಯಂ, ಜಿರ್ಕೋನಿಯಂಗಳ ಪ್ರಮಾಣ ಗಣಿಯಿಂದ ಗಣಿಗೆ ಬೇರೆ. ವಸ್ತುವನ್ನು ಒಡೆಯದೆಯೇ ಅದು ಗ್ವಾಟೆಮಾಲಾದ ಎಲ್ ಚಯಾಲ್‌ನದೋ, ಇಷ್ಟೆಪೆಕೆಯದೋ ಎಂದು ಹೇಳಬಹುದು. 1972ರಲ್ಲಿ ನಾರ್ಮನ್ ಹ್ಯಾಮಂಡ್ ಎಂಬ ಪುರಾತತ್ತ್ವಜ್ಞರು, ಎಲ್ ಚಯಾಲ್ ಗಾಜು ಒಳನಾಡಿನ ಹಾದಿಯಲ್ಲಿ, ಇಷ್ಟೆಪೆಕೆಯದು ಕರಾವಳಿಯ ಹಾದಿಯಲ್ಲಿ ಸಾಗಿತೆಂದು ವಾದಿಸಿದರು. ಚಿತ್ರ ಅಷ್ಟು ಸರಳವಲ್ಲವೆಂದು ನಂತರದ ಪರೀಕ್ಷೆಗಳು ತೋರಿಸಿವೆ.

ಕಲ್ಲು ತನ್ನ ಬೆಟ್ಟವನ್ನು ಹೇಳುತ್ತದೆ, ತಂದ ಕೈಯನ್ನು ಹೇಳುವುದಿಲ್ಲ. ಅರಸ ದಯಪಾಲಿಸಿದನೋ, ರೈತ ಸಂತೆಯಲ್ಲಿ ಕೊಂಡನೋ? ಇದಕ್ಕೆ ಉತ್ತರ ಹುಡುಕಲು ಮನೆಮನೆಯನ್ನೂ ನೋಡಬೇಕು.

ಅಂಥ ಮನೆಗಳು ಸಿಕ್ಕಿದ್ದು ಮಾಯಾ ಪ್ರದೇಶದ ದಕ್ಷಿಣದ ಅಂಚಿನಲ್ಲಿ, ಇಂದಿನ ಎಲ್ ಸಾಲ್ವಡೋರ್‌ನ ಹೊಯಾ ದೆ ಸೆರೆನ್‌ನಲ್ಲಿ. ಸುಮಾರು 1400 ವರ್ಷಗಳ ಹಿಂದೆ ಪಕ್ಕದ ಜ್ವಾಲಾಮುಖಿ ಸಿಡಿದು ಈ ಹಳ್ಳಿಯನ್ನು ಬೂದಿಯಲ್ಲಿ ಹೂತುಹಾಕಿತು. 1976ರಲ್ಲಿ ಬುಲ್ಡೋಜರ್ ನೆಲ ಅಗೆದಾಗ ಅದು ಬೆಳಕಿಗೆ ಬಂತು. ಪೇಸನ್ ಶೀಟ್ಸ್ ಮತ್ತು ಸಂಗಡಿಗರು ಅಗೆದು ನೋಡಿದಾಗ, ಸಾಮಾನ್ಯ ರೈತರ ಮನೆಗಳಲ್ಲೂ ಅಬ್ಸಿಡಿಯನ್ ಅಲಗುಗಳಿದ್ದವು, ಹೆಚ್ಚಿನವು ಇಷ್ಟೆಪೆಕೆಯವು. ಕೆಲವನ್ನು ಸೂರಿನ ಹುಲ್ಲಿನಲ್ಲಿ ಸಿಕ್ಕಿಸಿಟ್ಟಿದ್ದರು. ಮಕ್ಕಳ ಕೈಗೆ ಸಿಗಬಾರದೆಂಬ ಎಚ್ಚರವಿರಬೇಕು. ಈ ರೈತರು ತಮ್ಮ ಹೆಚ್ಚುವರಿ ಉತ್ಪನ್ನವನ್ನು ಯಾವ ಸಂತೆಗೆ ಒಯ್ಯಬೇಕೆಂದು ತಾವೇ ನಿರ್ಧರಿಸುತ್ತಿದ್ದರು ಎಂಬುದು ಶೀಟ್ಸ್ ಅವರ ವಾದ.

ಇದನ್ನು ಒಪ್ಪಿದರೆ ನಾವು ಓದಿದ ಚರಿತ್ರೆ ಸ್ವಲ್ಪ ಬದಲಾಗುತ್ತದೆ. ಅರಮನೆ ಕೊಟ್ಟದ್ದನ್ನು ಕೈಯೊಡ್ಡಿ ಪಡೆಯುವ ಮೂಕ ಪ್ರಜೆಗಳ ಜಾಗದಲ್ಲಿ, ಚೌಕಾಸಿ ಮಾಡಿ ಅಲಗು ಕೊಂಡು ಮನೆಗೆ ತಂದವರು ಕಾಣುತ್ತಾರೆ. ತಮ್ಮ ಹೆಸರನ್ನು ಎಲ್ಲಿಯೂ ಕೆತ್ತಿಸದೆ ಹೋದ ಅವರ ಬದುಕಿಗೆ ಆ ಚೂರುಗಳೇ ಸಾಕ್ಷಿ.